ಅರ್ಧ ಟ್ಯಾಂಕಿನ ಕರಾರು

ಬಿಳಿಗೆರೆಯ ಶಂಭುಲಿಂಗಪ್ಪ ತನ್ನ ತಮ್ಮನನ್ನು ಕಳ್ಳನೆಂದು ತಿಳಿದುಕೊಂಡು ಒಂದೂವರೆ ವರ್ಷವಾಗಿತ್ತು. ತಮ್ಮನಿಗೆ ಅದರ ಸುಳಿವೇ ಇರಲಿಲ್ಲ.

ಅನುಮಾನ ಶಂಭುಲಿಂಗಪ್ಪನಿಗೆ ಹುಟ್ಟುಗುಣ. ತರಕಾರಿಯವಳು ತಕ್ಕಡಿ ಎತ್ತಿದರೆ ಅವನ ಕಣ್ಣು ಬದನೆಕಾಯಿಯ ಮೇಲಿರುವುದಿಲ್ಲ, ಅವಳ ಹೆಬ್ಬೆರಳಿನ ಮೇಲಿರುತ್ತದೆ. ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವಾಗ ತಾನೂ ಬಗ್ಗಿ ನೋಡಿ, ಆಮೇಲೆ ನೋಡಿದವನ ಮುಖವನ್ನೂ ನೋಡುತ್ತಾನೆ. ಇದನ್ನೆಲ್ಲ ಅವನ ಹೆಂಡತಿ ರುದ್ರಮ್ಮ ನಕ್ಕು ಬಿಟ್ಟುಬಿಡುತ್ತಿದ್ದಳು. ಆದರೆ ಒಡಹುಟ್ಟಿದವನ ಮೇಲಿನ ಅನುಮಾನ ನಗುವ ಬಾಬತ್ತಲ್ಲ. ಅದು ಊಟಕ್ಕೆ ಕೂತರೂ ಪಕ್ಕದಲ್ಲೇ ಕೂತಿರುತ್ತಿತ್ತು.

ಎಲ್ಲಕ್ಕೂ ಮೂಲ ಒಂದು ಜೀಪು. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ಬಿಳಿಗೆರೆಯ ಮನೆ ಮತ್ತು ಗದ್ದೆ ಶಂಭುಲಿಂಗಪ್ಪನಿಗೆ ಬಂತು. ಮುಡುಕುತೊರೆ ಬೆಟ್ಟದ ಬುಡದಲ್ಲಿದ್ದ ತೋಟ, ಅಲ್ಲಿನ ಮನೆ ತಮ್ಮ ನಂಜೇಶನಿಗೆ ಹೋಯಿತು. ದನಕರು, ಪಾತ್ರೆಪಡಗ ಸಲೀಸಾಗಿ ಹಂಚಿಹೋದವು. ಉಳಿದದ್ದು ಜೀಪು. ಅದು ಹಳೇ ಕಾಲದ ಗಟ್ಟಿ ಗಾಡಿ. ನಾಲ್ಕು ಚಕ್ರಕ್ಕೂ ಎಳೆತವಿದ್ದದ್ದರಿಂದ ಕೆಸರಿಗೆ ಇಳಿಸಿ ಬಾಳೆಗೊನೆ ಹೇರಿದರೂ ಗೊಣಗದೆ ಮೇಲೆ ಬರುತ್ತಿತ್ತು. ಮಾರಲು ಇಬ್ಬರಿಗೂ ಮನಸ್ಸಿಲ್ಲ, ಬಿಟ್ಟುಕೊಡಲು ಮೊದಲೇ ಮನಸ್ಸಿಲ್ಲ. ಪಾಲು ಮಾಡಲು ಕೂತಿದ್ದ ಊರ ಹಿರಿಯ ಬೆಟ್ಟಸ್ವಾಮಿ, ಒಂದೇ ಬಾವಿಯ ನೀರಿಗೆ ಇಬ್ಬರ ನಡುವೆ ಸರದಿ ಹಾಕುವ ಹಾಗೆ ಜೀಪಿಗೂ ಸರದಿ ಹಾಕಿಕೊಟ್ಟರು. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಅಣ್ಣನದು, ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ತಮ್ಮನದು. ಸರದಿ ಮುಗಿದವನು ಜೀಪನ್ನು ತಾನೇ ಇನ್ನೊಬ್ಬನ ಮನೆಗೆ ತಂದು ಒಪ್ಪಿಸಬೇಕು, ಅಲ್ಲಿ ಊಟ ಮಾಡಬೇಕು, ಬಸ್ಸಿನಲ್ಲಿ ವಾಪಸು ಹೋಗಬೇಕು. ಡೀಸೆಲ್ ಮುಳ್ಳು ಅರ್ಧದಲ್ಲಿದ್ದಾಗ ಗಾಡಿ ತೆಗೆದುಕೊಂಡವನು ಅರ್ಧದಲ್ಲೇ ಕೊಡಬೇಕು. ಬೆಟ್ಟಸ್ವಾಮಿಯವರಿಗೆ ಡೀಸೆಲಿಗಿಂತ ಆ ಊಟದ ಮೇಲೇ ಹೆಚ್ಚು ಕಣ್ಣಿತ್ತೆಂದು ಕಾಣುತ್ತದೆ. ಪಾಲಾದ ಮೇಲೆ ಸಾವಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಮುಖ ನೋಡದ ಅಣ್ಣತಮ್ಮಂದಿರನ್ನು ಅವರು ಬೇಕಾದಷ್ಟು ಕಂಡಿದ್ದರು.

ಕೆಲವು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ನಂಜೇಶ ಬರುವ ದಿನ ರುದ್ರಮ್ಮ ಒಬ್ಬಟ್ಟು ತಟ್ಟುತ್ತಿದ್ದಳು. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ನಂಜೇಶ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಹುಡುಗ. ಅವನ ತಲೆ ಬಾಚಿ ಕಳಿಸುತ್ತಿದ್ದವಳು ಅವಳೇ. ಆಮೇಲೆ ಜೀಪಿನ ಬ್ಯಾಟರಿ ಸೊರಗಿತು. ತಮ್ಮ ಹಾಕಿಸಲಿ ಎಂದು ಅಣ್ಣ, ಅಣ್ಣ ಹಾಕಿಸಲಿ ಎಂದು ತಮ್ಮ ಕಾಯುತ್ತ ಕೂತರು. ಕೊನೆಗೆ ಶಂಭುಲಿಂಗಪ್ಪ ಬ್ಯಾಟರಿಯ ತಂಟೆಯೇ ಬೇಡವೆಂದು ಅಂಗಳದಲ್ಲಿ ಕಲ್ಲುಮಣ್ಣು ಒಟ್ಟಿಸಿ ಬೀದಿಯ ಕಡೆ ಇಳಿಯುವ ದಿಬ್ಬವೊಂದನ್ನು ಮಾಡಿಸಿದ. ಮೂತಿ ಕೆಳಗಾಗಿ ನಿಲ್ಲಿಸಿ ಬ್ರೇಕ್ ಬಿಟ್ಟರೆ ಸಾಕು, ಜೀಪು ಉರುಳಿಕೊಂಡೇ ಸ್ಟಾರ್ಟ್ ಆಗುತ್ತಿತ್ತು. ಈ ಉಪಾಯಕ್ಕೆ ತನ್ನನ್ನು ತಾನೇ ಬಹಳ ಮೆಚ್ಚಿಕೊಂಡಿದ್ದ.

ಒಂದು ಅಮಾವಾಸ್ಯೆ ನಂಜೇಶ ಜೀಪು ಒಪ್ಪಿಸಿ, ಉಂಡು, ಬಸ್ಸಿಗೆ ಹೋದ ಮೇಲೆ ಶಂಭುಲಿಂಗಪ್ಪ ಸುಮ್ಮನೆ ಕೀ ತಿರುಗಿಸಿ ನೋಡಿದ. ಮುಳ್ಳು ಕಾಲು ಟ್ಯಾಂಕಿಗೆ ಬಂದು ನಿಂತಿತು. ಹುಡುಗಾಟಕ್ಕೆ ಮರೆತಿರಬೇಕು ಎಂದುಕೊಂಡ. ಮುಂದಿನ ಅಮಾವಾಸ್ಯೆಗೂ ಕಾಲೇ ಇತ್ತು. ಅದರ ಮುಂದಿನದಕ್ಕೂ ಕಾಲೇ.

ಕೇಳಿಬಿಡಬಹುದಿತ್ತು. ಆದರೆ ಮನೆಗೆ ಹಿರಿಯನಾದವನು ಒಂದು ಕ್ಯಾನು ಡೀಸೆಲಿಗೆ ತಮ್ಮನ ಮುಂದೆ ಬಾಯಿಬಿಡುವುದೇ? ನೋಡೋಣ, ಅವನಾಗಿ ಹೇಳುತ್ತಾನೋ ಎಂದು ಕಾದ. ನಂಜೇಶ ಹೇಳಲಿಲ್ಲ. ಹೇಳುವ ಬದಲು ಪ್ರತಿಸಲ ಜೀಪಿನ ಹಿಂದೆ ಏನಾದರೊಂದು ಹೇರಿಕೊಂಡು ಬರುತ್ತಿದ್ದ: ಎಳನೀರು, ಅವರೆಕಾಯಿ, ಆಲೆಮನೆಯಿಂದ ನೇರ ತಂದ ಬೆಲ್ಲ. ಮೊದಲಾಗಿದ್ದರೆ ತಮ್ಮನ ಪ್ರೀತಿ ಎನಿಸುತ್ತಿತ್ತು. ಈಗ ಶಂಭುಲಿಂಗಪ್ಪನಿಗೆ ಅದೆಲ್ಲ ಕದ್ದವನು ಬಾಯಿ ಮುಚ್ಚಿಸಲು ಕೊಡುವ ಮಾಮೂಲಿನಂತೆ ಕಂಡಿತು. ಎಳನೀರನ್ನು ಆಳುಗಳಿಗೆ ಕೊಟ್ಟ, ಅವರೆಕಾಯಿಯನ್ನು ಹಸುವಿಗೆ ಹಾಕಿಸಿದ. ಬೆಲ್ಲವನ್ನು ಮಾತ್ರ ರುದ್ರಮ್ಮ ಒಳಗಿಟ್ಟುಕೊಂಡಳು. ಅದರ ಕಾಫಿಯನ್ನೂ ಅವನು ಒಂದೆರಡು ದಿನ ಕುಡಿಯಲಿಲ್ಲ.

ಒಬ್ಬಟ್ಟು ನಿಂತು ಅನ್ನ ಸಾರಾಯಿತು. ಅನ್ನ ಸಾರಿನ ಹೊತ್ತಿಗೂ ಶಂಭುಲಿಂಗಪ್ಪನಿಗೆ ಗದ್ದೆಯಲ್ಲಿ ಕೆಲಸ ಬರತೊಡಗಿತು. ತಮ್ಮ ಅತ್ತಿಗೆಯ ಜೊತೆ ಉಂಡು ಹೋಗುತ್ತಿದ್ದ. ಇದಿಷ್ಟೇ ಆಗಿದ್ದರೆ ಸರಿ, ಆದರೆ ಅನುಮಾನದ ಮನುಷ್ಯನಿಗೆ ಸುಮ್ಮನಿದ್ದು ಮೋಸ ಹೋಗುವುದು ಹೇಗೆ ಸಾಧ್ಯ? ಹುಣ್ಣಿಮೆಗೆ ಜೀಪು ಒಪ್ಪಿಸುವಾಗ ಅವನೂ ಮುಳ್ಳನ್ನು ಅರ್ಧದ ಗೆರೆಗೆ ತರದೆ ಕೊಂಚ ಕೆಳಗೇ ಬಿಡತೊಡಗಿದ. ಇದು ಕಳ್ಳತನವಲ್ಲ, ಸರಿದೂಗಿಸುವುದು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಆದರೂ ತಮ್ಮ ಮುಳ್ಳು ನೋಡುವಾಗ ಎದುರಿಗಿರಲು ಮನಸ್ಸಾಗದೆ, ಮುಡುಕುತೊರೆಯ ಕೆಳಗಿನ ರಸ್ತೆಯಲ್ಲೇ ಜೀಪು ನಿಲ್ಲಿಸಿ, ಕೀ ಕೊಟ್ಟು, ಬಸ್ಸು ತಪ್ಪುತ್ತದೆ ಎಂದು ಹೊರಟುಬಿಡುತ್ತಿದ್ದ. ತಮ್ಮನೇ ಅದನ್ನು ಮನೆಯಂಗಳಕ್ಕೆ ಹತ್ತಿಸಿಕೊಳ್ಳುತ್ತಿದ್ದ. ಶಂಭುಲಿಂಗಪ್ಪ ಆ ಅಂಗಳ ತುಳಿದು ವರ್ಷ ದಾಟಿತ್ತು.

ಈ ಸಲ ಅವನು ಗಟ್ಟಿ ಮನಸ್ಸು ಮಾಡಿದ. ಬರುವ ಅಮಾವಾಸ್ಯೆಗೆ ಬೆಟ್ಟಸ್ವಾಮಿಯವರನ್ನು ಕರೆಸಿ ಅವರ ಎದುರಿಗೇ ಕೀ ತಿರುಗಿಸುವುದು, ಕಾಲು ಟ್ಯಾಂಕಿಗೆ ನಿಂತ ಮುಳ್ಳನ್ನು ತೋರಿಸುವುದು, ಸರದಿ ಮುರಿಯುವುದು, ಜೀಪನ್ನು ಗುಜರಿಗೆ ಹಾಕುವುದು. ಅಲ್ಲಿಗೆ ಮುಡುಕುತೊರೆಗೂ ಬಿಳಿಗೆರೆಗೂ ಇದ್ದ ದಾರಿ ಮುಚ್ಚಿಹೋಗುತ್ತದೆ. ಹೋಗಲಿ. ನಂಜೇಶನಿಗೆ ತಪ್ಪಿಸಿಕೊಳ್ಳಲು ಇರುವುದು ಒಂದೇ ಸಂದು: ಮೀಟರ್ ಕೆಟ್ಟಿದೆ ಎನ್ನಬಹುದು. ಆ ಸಂದನ್ನೂ ಮೊದಲೇ ಮುಚ್ಚಬೇಕು. ಟ್ಯಾಂಕಿನೊಳಗೆ ಎಣ್ಣೆಯ ಮಟ್ಟ ಅಳೆಯುವ ಫ್ಲೋಟು ಬದಲಾಯಿಸಿ ಹೊಸದು ಹಾಕಿಸಿಬಿಟ್ಟರೆ ಆಮೇಲೆ ಯಾವ ನೆಪವೂ ನಡೆಯುವುದಿಲ್ಲ.

ರುದ್ರಮ್ಮ ಇದನ್ನು ಕೇಳಿ, ಅಷ್ಟೆಲ್ಲ ಯಾಕೆ, ಒಂದು ಸಲ ಬಾಯಿಬಿಟ್ಟು ಅವನನ್ನೇ ಕೇಳಿ ಎಂದಳು. ನಿನಗೆ ಅವನೆಂದರೆ ಮೊದಲಿಂದಲೂ ಕುರುಡು ಎಂದು ಶಂಭುಲಿಂಗಪ್ಪ ಹೊರಟ.

ಹತ್ತಿರದ ನಂಜನಗೂಡಿನಲ್ಲಿ ಮೆಕ್ಯಾನಿಕ್‌ಗಳಿಗೇನು ಬರವಿಲ್ಲ. ಆದರೆ ಅಲ್ಲಿ ಜೀಪಿನ ಕೆಲಸ ಗೊತ್ತಿದ್ದ ಒಬ್ಬ ನಂಜೇಶನ ಜೊತೆ ಓದಿದವನು, ಇನ್ನೊಬ್ಬ ಮುಡುಕುತೊರೆಯ ಪಕ್ಕದ ತಲಕಾಡಿನಿಂದ ಹೆಣ್ಣು ತಂದವನು. ಇಬ್ಬರೂ ತಮ್ಮನ ಕಡೆಯವರೇ ಎಂದು ಶಂಭುಲಿಂಗಪ್ಪ ತೀರ್ಮಾನಿಸಿ ಟಿ. ನರಸೀಪುರಕ್ಕೆ ಹೋದ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಚಿಕ್ಕಸ್ವಾಮಿ ಎಂಬುವನ ಶೆಡ್ಡು ಸಿಕ್ಕಿತು. ಶಂಭುಲಿಂಗಪ್ಪ ಸ್ಟೂಲು ಎಳೆದುಕೊಂಡು ಜೀಪಿನ ಬಾಗಿಲಿಗೇ ಕೂತ. ಕಣ್ಣು ಆಚೀಚೆಯಾದರೆ ಒಳ್ಳೇ ಸಾಮಾನು ತೆಗೆದು ಸೆಕೆಂಡ್ಸ್ ಹಾಕಿಬಿಡುತ್ತಾರೆಂದು ಅವನಿಗೆ ಗೊತ್ತು. ಟೀ ಬಂದರೂ ಕಣ್ಣು ತೆಗೆಯದೆಯೇ ಕುಡಿದ.

ಚಿಕ್ಕಸ್ವಾಮಿ ಡ್ರೈವರ್ ಸೀಟನ್ನು ಎತ್ತಿ ಪಕ್ಕಕ್ಕಿಟ್ಟ. ಕೆಳಗಿದ್ದ ಟ್ಯಾಂಕಿನ ಮೇಲಿನ ಮಣ್ಣನ್ನು ಊದಿ ಒರೆಸಿ, ತಂತಿ ಬಿಚ್ಚಿ, ದುಂಡು ತಟ್ಟೆಯ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದ. ತಟ್ಟೆಯ ಜೊತೆಗೆ ಒಂದು ಉದ್ದ ಕಡ್ಡಿ ಮೇಲೆ ಬಂತು. ಅದರ ತುದಿಗೆ ತೇಲುವ ಬುರುಡೆ. ಎಣ್ಣೆ ಏರಿದರೆ ಆ ಬುರುಡೆ ಏರುತ್ತದೆ, ಇಳಿದರೆ ಇಳಿಯುತ್ತದೆ, ಅದರ ಸುದ್ದಿಯನ್ನು ತಂತಿ ಮುಂದಿನ ಮುಳ್ಳಿಗೆ ಮುಟ್ಟಿಸುತ್ತದೆ. ಚಿಕ್ಕಸ್ವಾಮಿ ಕಳಚಿದ್ದ ತಂತಿಯನ್ನು ಮತ್ತೆ ಸಿಕ್ಕಿಸಿ, ಬುರುಡೆಯನ್ನು ಕೈಯಲ್ಲೇ ಎತ್ತಿ ಇಳಿಸಿ ನೋಡಿದ. ಮುಳ್ಳು ಸರಿಯಾಗಿಯೇ ಎದ್ದು ಇಳಿಯಿತು.

“ಇದ್ಕೇನೂ ಆಗಿಲ್ಲ ಯಜಮಾನ್ರೇ. ಸುಮ್ನೆ ಯಾಕೆ ಬದಲಾಯಿಸ್ತೀರಿ?” ಎಂದ.

ಶಂಭುಲಿಂಗಪ್ಪನ ಕಿವಿ ನೆಟ್ಟಗಾಯಿತು. ಬಂದ ಕೆಲಸವನ್ನು ಬೇಡ ಎನ್ನುವ ಮೆಕ್ಯಾನಿಕ್‌ನನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ನಂಜೇಶನ ಫೋನು ಇಲ್ಲಿಗೂ ಬಂದಿದೆ ಎಂದುಕೊಂಡ. ಹೊಸದನ್ನೇ ಹಾಕಬೇಕೆಂದು ಹಟ ಹಿಡಿದು, ಅಂಗಡಿಗೆ ತಾನೂ ಜೊತೆಯಲ್ಲೇ ಹೋಗಿ, ಡಬ್ಬಿಯ ಸೀಲು ಒಡೆದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ ತಂದ. ಚಿಕ್ಕಸ್ವಾಮಿ ಮಾತಾಡದೆ ಹೊಸ ವಾಷರ್ ಇಟ್ಟು, ಹೊಸ ಫ್ಲೋಟನ್ನು ಇಳಿಸಿ, ಸ್ಕ್ರೂ ಬಿಗಿದು, ಸೀಟು ಕೂರಿಸಿದ. ಅಷ್ಟು ಹೊತ್ತಿಗೆ ಅವನಿಗೂ ಸಿಟ್ಟು ಬಂದಿತ್ತು. ಹಳೇದನ್ನು ಕೈಗೆ ಕೊಡು ಎಂದಾಗ, ಅದರಿಂದ ಎಣ್ಣೆ ಹನಿಯುತ್ತಿದ್ದರೂ ಒರೆಸದೆ ಹಾಗೇ ಕೊಟ್ಟ. ಪೆಟ್ರೋಲ್ ಬಂಕಿನಲ್ಲಿ ಶಂಭುಲಿಂಗಪ್ಪ ಕೆಳಗಿಳಿದು ನಿಂತು, ಮುಳ್ಳು ಅರ್ಧದ ಗೆರೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಬರುವವರೆಗೆ ಹಾಕಿಸಿಕೊಂಡ. ಬಹಳ ದಿನದ ಮೇಲೆ ಅವನ ಮನಸ್ಸಿಗೆ ಸಮಾಧಾನವೆನಿಸಿತ್ತು.

ಮನೆಗೆ ಬಂದು ದಿಬ್ಬದ ಮೇಲೆ ಜೀಪು ನಿಲ್ಲಿಸಿದವನೇ ರುದ್ರಮ್ಮನನ್ನು ಸಾಕ್ಷಿಗೆ ಕರೆದ. ಇದು ಹೊಸ ಫ್ಲೋಟು, ಇದು ಅರ್ಧ, ನಾಳೆ ಯಾರಾದರೂ ಕೇಳಿದರೆ ನೀನೇ ಹೇಳಬೇಕು ಎಂದು ಕೀ ತಿರುಗಿಸಿದ. ಮುಳ್ಳು ಮೆಲ್ಲಗೆ ಎದ್ದು ಕಾಲು ಟ್ಯಾಂಕಿಗೆ ಬಂದು ನಿಂತಿತು.

ಶಂಭುಲಿಂಗಪ್ಪನಿಗೆ ಮೈಯೆಲ್ಲ ಉರಿಯಿತು. ಚಿಕ್ಕಸ್ವಾಮಿ ಕೈಕೊಟ್ಟ ಎಂದ. ಜೀಪಿನಡಿ ಮಲಗಿ ಎಣ್ಣೆ ಸೋರುತ್ತಿದೆಯೇ ಎಂದು ಹುಡುಕಿದ, ನೆಲ ಒಣಗಿತ್ತು. ಬಂಕಿನವನು ಎಣ್ಣೆಯ ಬದಲು ಗಾಳಿ ಹೊಡೆದನೋ ಎಂದು ಯೋಚಿಸಿದ. ಮಾರನೆ ದಿನ ಮತ್ತೆ ಟಿ. ನರಸೀಪುರಕ್ಕೆ ಜೀಪು ಓಡಿಸಿಕೊಂಡು ಹೋಗಿ, ಶೆಡ್ಡಿನ ಮುಂದೆ ನಿಲ್ಲಿಸಿ, ಏನಯ್ಯ ಇದು ಎಂದ. ಚಿಕ್ಕಸ್ವಾಮಿ ಕೈ ಒರೆಸಿಕೊಂಡು ಬಂದು ನೋಡಿದ. ದಾರಿಯಲ್ಲಿ ಖರ್ಚಾದಷ್ಟನ್ನು ಬಿಟ್ಟರೆ ಮುಳ್ಳು ಅರ್ಧದ ಹತ್ತಿರವೇ ನಿಂತಿತ್ತು. ನಿಮಗೆ ಜೀಪಿನಲ್ಲಿ ತೊಂದರೆಯೋ ಕಣ್ಣಿನಲ್ಲೋ ಎಂದು ಕೇಳಿ ಚಿಕ್ಕಸ್ವಾಮಿ ಒಳಗೆ ಹೋದ.

ವಾಪಸು ಬಂದು ದಿಬ್ಬದ ಮೇಲೆ ನಿಲ್ಲಿಸಿದರೆ ಮತ್ತೆ ಕಾಲು ಟ್ಯಾಂಕಿಗೂ ಕೆಳಗೆ. ಶಂಭುಲಿಂಗಪ್ಪ ಸ್ಟೇರಿಂಗ್ ಹಿಡಿದು ಮುಳ್ಳನ್ನೂ ಮುಂದಿನ ಇಳಿಜಾರನ್ನೂ ನೋಡಿದ. ಆಮೇಲೆ ಬ್ರೇಕ್ ಬಿಟ್ಟ. ಜೀಪು ಉರುಳಿ ಬೀದಿಯ ಸಮತಟ್ಟಿಗೆ ಬಂತು, ಮುಳ್ಳು ಮೇಲೆದ್ದಿತು. ಮತ್ತೆ ದಿಬ್ಬ ಹತ್ತಿಸಿದ, ಬಿದ್ದಿತು. ಇಳಿಸಿದ, ಎದ್ದಿತು. ಎದುರು ಮನೆಯ ಚಿಕ್ಕಬಸಮ್ಮ ಮೊರ ಕೆಳಗಿಟ್ಟು ಈ ಆಟವನ್ನು ನೋಡತೊಡಗಿದಳು. ಇಳಿಜಾರಿನಲ್ಲಿ ಎಣ್ಣೆಯೆಲ್ಲ ಮುಂದಕ್ಕೆ ಹೋಗಿ, ಹಿಂದಿನ ಕಡೆ ಇರುವ ಬುರುಡೆ ಕೆಳಗೆ ಇಳಿಯುತ್ತಿತ್ತು, ಅಷ್ಟೇ. ಓಡಿಸುವಾಗ ಹಳೇ ಜೀಪಿನ ಮುಳ್ಳು ಕುಣಿಯುತ್ತಲೇ ಇರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿಬ್ಬದ ಮೇಲೆ ನಿಲ್ಲಿಸಿ ಕಣ್ಣಿಟ್ಟು ನೋಡಿದ್ದು ಅವನು ಅಮಾವಾಸ್ಯೆಯ ದಿನ ಮಾತ್ರ, ಅದೂ ತಮ್ಮ ಹೋದ ಮೇಲೆ.

ಜಗಲಿಯ ಮೇಲೆ ನಿಂತಿದ್ದ ರುದ್ರಮ್ಮ ಒಂದೇ ಮಾತು ಕೇಳಿದಳು. “ದಿಬ್ಬ ಮಾಡ್ಸಿದ್ದು ಯಾವಾಗ?”

ದಿಬ್ಬಕ್ಕೆ ಒಂದೂವರೆ ವರ್ಷವಾಗಿತ್ತು.

ಆ ಸಂಜೆ ಅವನಿಗೆ ಅನ್ನ ಸೇರಲಿಲ್ಲ. ನಂಜೇಶ ಪ್ರತಿ ಅಮಾವಾಸ್ಯೆಯೂ ಸರಿಯಾಗಿ ಅರ್ಧವನ್ನೇ ತಂದಿದ್ದ. ಕರಾರು ಮುರಿದು ಎಣ್ಣೆ ಕಡಿಮೆ ಮಾಡಿದವನು ಇಬ್ಬರಲ್ಲಿ ಒಬ್ಬನೇ, ಅದು ತಾನು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ನಾಚಿಕೆಯಾದ ಕೂಡಲೇ ಹೋಗಿ ಒಪ್ಪಿಕೊಳ್ಳುವಷ್ಟು ಒಳ್ಳೆಯವನೇನೂ ಅಲ್ಲ ಶಂಭುಲಿಂಗಪ್ಪ. ಸದ್ದಿಲ್ಲದೆ ಸರಿಮಾಡಿಬಿಡೋಣ ಎಂದುಕೊಂಡ. ಹೊಸ ಬ್ಯಾಟರಿ ಹಾಕಿಸಿದ, ದಿಬ್ಬವನ್ನು ಕಿತ್ತು ಸಮ ಮಾಡಿಸಿದ, ಹುಣ್ಣಿಮೆಯ ಬೆಳಿಗ್ಗೆ ಅರ್ಧವೇಕೆ, ಮುಕ್ಕಾಲು ಟ್ಯಾಂಕ್ ಡೀಸೆಲ್ ಹಾಕಿಸಿದ. ಅವನಿಗೆ ಹೇಳಿಬಿಡಿ ಎಂದು ರುದ್ರಮ್ಮ ಹೇಳಿದಳು. ಗೊತ್ತಿಲ್ಲದವನಿಗೆ ಗೊತ್ತು ಮಾಡಿಸಿ ನೋಯಿಸುವುದೇಕೆ ಎಂದು ಅವನು ಬಹಳ ದೊಡ್ಡ ಮನಸ್ಸಿನವನಂತೆ ಮಾತಾಡಿದ.

ಮುಡುಕುತೊರೆಯಲ್ಲಿ ಈ ಸಲ ಅವನು ಕೆಳಗಿನ ರಸ್ತೆಯಲ್ಲಿ ನಿಲ್ಲಿಸಲಿಲ್ಲ, ನೇರ ಅಂಗಳಕ್ಕೇ ಹತ್ತಿಸಿದ. ಬೆಟ್ಟದ ಬುಡದ ಮನೆ. ಅಂಗಳ ರಸ್ತೆಯಿಂದ ಮನೆಯವರೆಗೂ ಏರಿಕೊಂಡೇ ಹೋಗುತ್ತಿತ್ತು. ಜೀಪು ಮೂತಿ ಮೇಲೆ ಮಾಡಿ ನಿಂತಿತು. ನಂಜೇಶ ಹೆಗಲ ಮೇಲಿನ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡಿಬಂದ. ಅಣ್ಣ ಅಂಗಳಕ್ಕೆ ಬಂದದ್ದೇ ಅವನಿಗೆ ಹಬ್ಬವಾಗಿತ್ತು. ಶಂಭುಲಿಂಗಪ್ಪ ಇಳಿಯುತ್ತಿದ್ದ ಹಾಗೆ ಅವನು ಹತ್ತಿ ಕೂತು ಕೀ ತಿರುಗಿಸಿದ. ಮುಳ್ಳು ಎದ್ದು, ಮುಕ್ಕಾಲು ದಾಟಿ, ಪೂರ್ತಿ ತುಂಬಿದ ಗೆರೆಗೆ ಹೋಗಿ ನಿಂತಿತು. ನಂಜೇಶ ಹೆಂಡತಿಯನ್ನು ಕೂಗಿ ಕರೆದ.

“ಪವಿತ್ರ, ಬಾ ನೋಡಿಲ್ಲಿ. ನಾನ್ ಯೋಳ್ತಿರ್ಲಿಲ್ವ? ಕರಾರು ಅರ್ಧ ಅಂದ್ರೂ ನಮ್ಮಣ್ಣ ಯಾವತ್ತೂ ಅರ್ಧದ ಮ್ಯಾಲೇ ತಂದ್ಕೊಡೋದು. ಈ ಸಲ ತುಂಬ್ಸೇ ಬುಟ್ಟವ್ನೆ.”

ಪವಿತ್ರ ನಗುತ್ತ ಬಾಗಿಲಿಗೆ ಬಂದಳು. ನೀವು ಹೀಗೆ ಮಾಡಿ ಮಾಡಿಯೇ ಭಾವ, ಇವರು ಅಮಾವಾಸ್ಯೆ ಬಂತೆಂದರೆ ತೋಟದಲ್ಲಿದ್ದದ್ದನ್ನೆಲ್ಲ ಜೀಪಿಗೆ ಹೇರುವುದು ಎಂದಳು. ಅಣ್ಣ ಬಾಯಲ್ಲಿ ಹೇಳದೆ ಕೊಡುವ ಮನುಷ್ಯ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ ಎಂದಳು.

ಶಂಭುಲಿಂಗಪ್ಪ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ಅವನಿಗೆ ಚೆನ್ನಾಗಿ ಅಭ್ಯಾಸವಾಗಿದ್ದ ವಿದ್ಯೆ. ಒಳಗೆ ಹೋಗಿ ಎಲೆಯ ಮುಂದೆ ಕೂತು ದೊಡ್ಡ ಮನುಷ್ಯನಾಗಿ ಉಂಡು, ಮರ್ಯಾದೆಯಿಂದ ಬಸ್ಸು ಹತ್ತಬಹುದಿತ್ತು. ಆದರೆ ತಮ್ಮನ ಮುಖದಲ್ಲಿದ್ದ ಆ ಹೆಮ್ಮೆಯನ್ನು ನೋಡಲು ಅವನಿಂದ ಆಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

“ಆ ಮುಳ್ಳು ಸುಳ್ಳು ಕಣ್ಲಾ,” ಎಂದ. “ಮೂತಿ ಮ್ಯಾಲಾದ್ರೆ ಜಾಸ್ತಿ ತೋರ್ಸ್ತದೆ. ನಾನು ಇಷ್ಟು ದಿನ ತಂದ್ಕೊಡ್ತಿದ್ದದ್ದು ಅರ್ಧಾನೂ ಅಲ್ಲ. ಅದ್ಕಿಂತ ಕಮ್ಮಿ.”

ನಂಜೇಶ ಅದನ್ನು ತಮಾಷೆ ಎಂದುಕೊಂಡು ನಕ್ಕ. ಅಣ್ಣ ನಗಲಿಲ್ಲ. ನಂಜೇಶ ಇಳಿದು ಜೀಪನ್ನೂ ಏರಿನ ಅಂಗಳವನ್ನೂ ಒಮ್ಮೆ ನೋಡಿದ. ಬಿಳಿಗೆರೆಯ ಅಂಗಳದ ದಿಬ್ಬದ ಮೇಲೆ ಪ್ರತಿಸಲ ಜೀಪು ನಿಲ್ಲಿಸಿ ಬರುತ್ತಿದ್ದವನು ಅವನೇ ತಾನೆ. ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಅಂಗಾರೆ ನಿಮ್ಮನೆ ದಿಬ್ಬದಲ್ಲಿ ಕಮ್ಮಿ ತೋರ್ಸ್ತಿತ್ತಾ?”

“ಊಂ. ಕಾಲು.”

ನಂಜೇಶನ ದನಿ ಸಣ್ಣದಾಯಿತು. “ಅಷ್ಟ್ ದಿನಾನೂ ನೀನು ನನ್ನ ಏನಂತ ತಿಳ್ಕಂಡಿದ್ದೆ?”

ಪವಿತ್ರ ಬಾಗಿಲಿಂದ ಸರಿದು ಒಳಗೆ ಹೋದಳು. ಶಂಭುಲಿಂಗಪ್ಪನಿಗೆ ಸುತ್ತಿ ಬಳಸಿ ಹೇಳುವ ಹತ್ತು ಮಾತು ಬಾಯಿಗೆ ಬಂದವು. ಅವನ್ನೆಲ್ಲ ನುಂಗಿಕೊಂಡ.

“ಕಳ್ಳ ಅಂತ,” ಎಂದ.

ನಂಜೇಶ ಜೀಪಿನ ಹಿಂದಿನ ಬಂಪರಿನ ಮೇಲೆ ಕೂತುಬಿಟ್ಟ. ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ಮಡಿಸುತ್ತ, ಬಿಚ್ಚುತ್ತ ಇದ್ದ. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಒರೆಸಿಕೊಳ್ಳಲಿಲ್ಲ. ಕೆಳಗಿನ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

“ಒಂದ್ ಮಾತ್ ಕೇಳ್ಬಾರ್ದಾಗಿತ್ತಾ ಅಣ್ಣ? ನೀನು ಬೈದಿದ್ರೆ ನಾನೂ ಬೈತಿದ್ದೆ, ಜಗಳ ಆಗಿ ಮುಗ್ದೋಗ್ತಿತ್ತು. ಕಳ್ಳನ ಜೊತೆ ಒಂದ್ ದಿನಾನೂ ಜಗಳ ಆಡ್ದೆ, ಯಾರೋ ಬ್ಯಾರೇರ ಜೊತೆ ಇದ್ದಂಗೆ ಮರ್ಯಾದೆಯಾಗಿ ಇದ್ದುಬುಟ್ಟಲ್ಲ ನೀನು.”

ಬಸ್ಸಿನ ಹಾರ್ನ್ ಇನ್ನೊಮ್ಮೆ ಕೇಳಿಸಿತು. ನಂಜೇಶ ತಲೆಯೆತ್ತಿ, ಬಸ್ಸು ಬಂತು, ಹೋಗಲ್ವಾ ಎಂದ. ಶಂಭುಲಿಂಗಪ್ಪ ಹೋಗುವುದಿಲ್ಲ ಎಂದ. ಪಂಚೆ ಎತ್ತಿ ಕಟ್ಟಿಕೊಂಡು ತಮ್ಮನ ಎದುರಿಗೆ ಅಂಗಳದ ಮಣ್ಣಿನಲ್ಲೇ ಕೂತ.

“ಈಗ ಬೈಯಿ,” ಎಂದ.

ನಂಜೇಶ ಮೊದಲು ಬೇಡವೆನ್ನುವಂತೆ ಕೈಯಾಡಿಸಿದ. ಆಮೇಲೆ ಒಂದು ಮಾತು ಆಡಿದ, ಅದರ ಹಿಂದೆ ಇನ್ನೊಂದು. ಅಂಗಳಕ್ಕೆ ಬರದೆ ರಸ್ತೆಯಲ್ಲೇ ಕೀ ಕೊಟ್ಟು ಹೋದ ಹುಣ್ಣಿಮೆಗಳಿಂದ ಶುರುಮಾಡಿ ಹಿಂದಕ್ಕೆ ಹೋಗಿ, ಪಾಲಾದ ದಿನ ಆಡದೇ ಉಳಿದಿದ್ದ ಮಾತಿಗೆ ಬಂದ. ದನಿ ಏರಿತು. ತಾನು ಬೆಳಗಿನ ಜಾವ ಎದ್ದು ಕೊಯ್ದು ತಂದ ಅವರೆಕಾಯಿ ಏನಾಯಿತು ಎಂದು ಕೇಳಿದ. ಹಸುವಿಗೆ ಹಾಕಿದೆ ಎಂದು ಶಂಭುಲಿಂಗಪ್ಪ ಅದನ್ನೂ ಮುಚ್ಚಿಡದೆ ಹೇಳಿದ, ಅದಕ್ಕೂ ಬೇರೆ ಬೈಸಿಕೊಂಡ. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಊರಿನವರ ಮುಂದೆ ಮಣ್ಣಿನಲ್ಲಿ ಕೂತ ಮರ್ಯಾದಸ್ಥ ಒಂದು ಸಲವೂ ಅವರ ಕಡೆ ನೋಡಲಿಲ್ಲ, ತಮ್ಮನಿಗೆ ಮಾತು ತಡವರಿಸಿದಾಗ ಮುಂದಿನದಕ್ಕೆ ಕಾಯುತ್ತ ಕೂತ. ಪವಿತ್ರ ಊಟಕ್ಕೆ ಕರೆಯಲೆಂದು ಬಾಗಿಲಿಗೆ ಎರಡು ಸಲ ಬಂದಳು. ಬೈಯುವವನು ಇನ್ನೂ ಮುಗಿಸಿರಲಿಲ್ಲ, ಬೈಸಿಕೊಳ್ಳುವವನೂ ಎದ್ದಿರಲಿಲ್ಲ.